ಅಣ್ಣನ ನಕ್ಷೆಯ ಬಟ್ಟೆ

ರಾಜಾಜಿನಗರ, ಬೆಂಗಳೂರು
12-11-1957

ಪ್ರೀತಿಯ ಅಣ್ಣನಿಗೆ,

ನಿನ್ನ ಜಗದಾಂಬೆಯ ನಮಸ್ಕಾರ. ಖರಗ್‌ಪುರದ ನೀರು ಈ ವರ್ಷವಾದರೂ ಒಗ್ಗಿತೇ? ಹೊಟ್ಟೆನೋವು ಹೇಗಿದೆ? ಊಟ ಬಿಟ್ಟು ಓದಬೇಡ. ನಾನೂ ಮಗುವೂ ಚೆನ್ನಾಗಿದ್ದೇವೆ. ನಿನ್ನ ಸೋದರಳಿಯನಿಗೆ ಎರಡು ತಿಂಗಳು ತುಂಬಿತು. ನಿನ್ನ ಹಾಗೆಯೇ ಮೂಗಿನ ತುದಿಯಲ್ಲೇ ಕೋಪ. ಬಾಣಂತಿ ಕಣ್ಣಿಗೆ ಶ್ರಮ ಕೊಡಬಾರದೆಂದು ಅಮ್ಮ ಗದರುತ್ತಿದ್ದರೂ ಬರೆಯುತ್ತಿದ್ದೇನೆ, ಬರೆಯದೆ ವಿಧಿಯಿಲ್ಲ.

ನಿನ್ನ ಕಾಗದ ಶನಿವಾರ ಬಂತು. ದಸರಾ ರಜೆಯಲ್ಲಿ ನಡುಮನೆಯ ತುಂಬ ಹರಡಿಕೊಂಡು, ಗಂಜಿ ಹಾಕಿ ಕಾಗದದಂತೆ ಗಟ್ಟಿ ಮಾಡಿದ ನಕ್ಷೆಯ ಬಟ್ಟೆಯ ಮೇಲೆ ಮಸಿಯಲ್ಲಿ ತಿದ್ದಿ ಬಿಟ್ಟುಹೋದೆಯಲ್ಲ, ಆ ಕಡಲೆಕಾಯಿ ಸುಲಿಯುವ ಯಂತ್ರದ ಆರು ನಕ್ಷೆಗಳನ್ನು ನಿನ್ನ ಎಂ.ಟೆಕ್. ಪರೀಕ್ಷಕರು ಬರುವ ಇಪ್ಪತ್ತೈದನೇ ತಾರೀಖಿನೊಳಗೆ ತಲುಪಿಸಲು ಹೇಳಿದ್ದೀಯೆ. 'ಬೇರೆ ಪ್ರತಿಯಿಲ್ಲ, ಜೋಪಾನ' ಎಂದು ಅಡಿಗೆರೆ ಬೇರೆ ಎಳೆದಿದ್ದೀಯೆ. ಅಣ್ಣಾ, ಹೇಗೆ ಹೇಳಲಿ, ಆ ನಕ್ಷೆಗಳು ಈಗ ಇಲ್ಲ. ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮನ ಗಂಡ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅಲ್ಲಿ ಬೇಡವೆಂದು ಬಿಸಾಡುವ ನಕ್ಷೆಯ ಬಟ್ಟೆಯನ್ನು ಅವರು ಮನೆಗೆ ತರುತ್ತಾರೆ. ಬಿಸಿನೀರಲ್ಲಿ ನೆನೆಹಾಕಿ ಉಜ್ಜಿದರೆ ಗಂಜಿ, ಮಸಿ ಎಲ್ಲ ಬಿಟ್ಟು ಒಳ್ಳೆಯ ನಯವಾದ ಬಟ್ಟೆ ಸಿಗುತ್ತದೆಂದು ಆಕೆ ಅಮ್ಮನಿಗೆ ಹೇಳಿಕೊಟ್ಟಿದ್ದಾರೆ. ಅಟ್ಟದ ಮೇಲಿದ್ದ ನಿನ್ನ ಸುರುಳಿ ಅಮ್ಮನ ಕಣ್ಣಿಗೆ ಬಿತ್ತು. ನೀನು ಬಿಟ್ಟುಹೋದದ್ದರಿಂದ ಬೇಡದ್ದೆಂದೇ ತಿಳಿದು, ನೆನೆಹಾಕಿ ಉಜ್ಜಿ ಮಗುವಿಗೆ ಅಂಗಿಗಳನ್ನು ಹೊಲಿದಳು. 'ಬೆಣ್ಣೆ ಇದ್ದಂಗೈತೆ ಕಣೇ, ಮಗೀನ ಮೈಗೆ ಚುಚ್ಚಾಕಿಲ್ಲ' ಎಂದು ಅಂಗಿ ತೊಡಿಸಿದಾಗ ನಾನೂ ಅದು ಪಕ್ಕದ ಮನೆಯ ಬಟ್ಟೆಯೆಂದೇ ತಿಳಿದು ಹಿಗ್ಗಿದೆ. ನಿನ್ನ ಕಾಗದ ಓದಿ ಅಟ್ಟ ತಡಕಿದರೆ ಖಾಲಿ ತಗಡಿನ ಕೊಳವೆ ಸಿಕ್ಕಿತು. ಅಂಗಿಗಳನ್ನೆಲ್ಲ ಬಿಸಿಲಿಗೆ ಹಿಡಿದು ನೋಡಿದೆ, ಒಂದು ಗೆರೆಯೂ ಉಳಿದಿಲ್ಲ.

ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅವಳಿಗೆ ಓದು ಬಾರದಲ್ಲ, ಕಾಗದ ಓದಿ ಹೇಳುವಾಗ ಆ ಸಾಲುಗಳನ್ನು ಹಾರಿಸಿಬಿಟ್ಟೆ. ತಿಳಿದರೆ ಅವಳು ಅನ್ನ ನೀರು ಬಿಡುತ್ತಾಳೆ. ಅಪ್ಪನಿಗೆ ಹೇಳಲು ಧೈರ್ಯವಿಲ್ಲ. ಎರಡು ವರ್ಷದ ನಿನ್ನ ಕೆಲಸವನ್ನು ಹತ್ತು ದಿನದಲ್ಲಿ ಮತ್ತೆ ಬರೆಯಲಾದೀತೇ? ಪರೀಕ್ಷಕರ ಕೈಕಾಲು ಹಿಡಿದರೆ ವಾಯಿದೆ ಕೊಟ್ಟಾರೇ? ನನಗೊಂದೂ ತೋಚುತ್ತಿಲ್ಲ ಅಣ್ಣಾ. ಬೈಯುವುದಿದ್ದರೆ ಬೇರೆ ಹಾಳೆಯಲ್ಲಿ, ನನ್ನ ಹೆಸರಿಗೆ ಬೈ.

ಅಪ್ಪ, ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ನಿನ್ನ ಅಳಿಯ ಏನೂ ಅರಿಯದೆ ನಗುತ್ತಿದ್ದಾನೆ.

ನಿನ್ನ ತಂಗಿ,
ಜಗದಾಂಬಾ

ತಾ.ಕ.: ಅಂಗಿಗಳಾಗಿ ಮಿಕ್ಕ ಬಟ್ಟೆಯಲ್ಲಿ ಅಮ್ಮ ನಿನಗೆಂದು ನಾಲ್ಕು ಕರ್ಚೀಫು ಹೊಲಿದು, ಅಂಚಿಗೆ ನೀಲಿ ದಾರ ಹಾಕಿ, ಈ ಕಾಗದದ ಜೊತೆಗೇ ಕಳಿಸೆಂದು ಎದುರಿಗೇ ಕೂತಿದ್ದಾಳೆ. ಬೇಡವೆನ್ನಲು ನನ್ನಿಂದಾಗಲಿಲ್ಲ. ಚೆನ್ನಾಗಿವೆ ಎಂದು ಅವಳಿಗೊಂದು ಸಾಲು ಬರಿ.