ಮುಂದೊಗಲು

೯ ಫೆಬ್ರವರಿ ೧೯೨೯, ಗೂಡಲೂರು

...ಮಂಕಾಗಬಹುದು, ಆಗದೆಯೂ ಇರಬಹುದು — ಹಾಗೇನೋ ಎಂದರು ಊಟಿಯ ಡಾಕ್ಟರ್. ಆಪರೇಷನ್ ಆದ ಮೇಲೆ ಆ ಜಾಗದ ಸ್ಪರ್ಶದ ಮಾತು. ಬೆಳಗಿನಿಂದ ಅಂಗಡಿಗೆ ರಾಗಿ ಮೂಟೆ ಇಳಿಸಿಕೊಳ್ಳುತ್ತಿದ್ದೇನೆ, ತಲೆಯಲ್ಲಿ ಅದೇ. ಬಿಳಿ ಡಾಕ್ಟರುಗಳಲ್ಲಿ ಕೆಲವರು ಗಂಡಸರಿಗೆಲ್ಲ ಮಾಡಿಸಿಬಿಡಬೇಕು ಎನ್ನುತ್ತಾರಂತೆ. ಇವರು ಹಾಗೆನ್ನುವುದಿಲ್ಲ. ಶುಚಿಯಾಗಿದ್ದರೆ ಬಹಳ ಜನಕ್ಕೆ ಸಾಕು.

"ನಿಮ್ಮದು ಹಾಗಲ್ಲ ಮಾದಪ್ಪನವರೇ. ತೊಗಲು ಬಿಗಿದು ಕಲೆಗಟ್ಟಿದೆ. ಮುಲಾಮಿಗೆ ಬಗ್ಗೋದಿಲ್ಲ."

ಮುಂದೊಗಲು ಕೊಯ್ಯಿಸಬೇಕು. ನಲವತ್ತು ದಾಟಿದ ಮೇಲೆ. ಇಷ್ಟಲಿಂಗ ಧರಿಸುವ ಕುಲದವನು.

ನೋವು ಶುರುವಾದಾಗಿನಿಂದ ಹಾಸಿಗೆ ಅಂಗಡಿಯಲ್ಲಿ. ಹೆಂಡತಿ ಸಿದ್ದಾಜಮ್ಮನಿಗೆ ಕಾರಣ ಹೇಳಲಿಲ್ಲ. ನಾಚಿಕೆ. ಅವಳ ಹತ್ತಿರವೂ. ಅವಳು ತನಗೆ ತೋಚಿದ ಕಾರಣ ಹಚ್ಚಿಕೊಂಡು ಗುಂಡ್ಲುಪೇಟೆಯ ತವರಿಗೆ ಹೋದಳು. ಬರುತ್ತೇನೆ ಎಂದು ಹೇಳಿ ಹೋಗಲಿಲ್ಲ.

೧೧ ಫೆಬ್ರವರಿ

ಮಲಬಾರಿನ ಮೆಣಸಿನ ವ್ಯಾಪಾರಿ ಮೊಯ್ದು ಕಾಕನನ್ನು ಕೇಳಿಯೇಬಿಟ್ಟೆ. ಮುಸಲ್ಮಾನರಲ್ಲಿ ಎಲ್ಲರಿಗೂ ಮಾಡಿಸುತ್ತಾರಲ್ಲ.

"ಸಂಸಾರಕ್ಕೆ ಏನಾದರೂ ಕಡಿಮೆ...?"

"ಏಳು ಮಕ್ಕಳು ಮುದಲಾಳಿ. ಸ್ವಲ್ಪ ಕಡಿಮೆ ಆಗಿದ್ರೆ ಒಳ್ಳೇದಿತ್ತು."

ನಕ್ಕ. ಆಮೇಲೆ ಯೋಚಿಸಿದ. "ನಂಗೆ ಮಾಡಿದಾಗ ಸಣ್ಣವ. ಮೊದಲು ಹೇಗಿತ್ತು, ನಂಗೇನು ಗೊತ್ತು? ನಿಮಗೆ ಎರಡೂ ತಿಳೀತದೆ. ನೀವೇ ಬಂದು ನಂಗೆ ಹೇಳಿ."

ತಕ್ಕಡಿಯ ಪಕ್ಕ ನಿಂತು ಈ ಮಾತಾಡಿದ್ದು ತಪ್ಪಾಯಿತು. ಗಿರಾಕಿಗಳಿದ್ದರು, ಗಾಡಿಯವರೂ ಇದ್ದರು.

೧೮ ಫೆಬ್ರವರಿ, ಊಟಿ

ಮೈಮೇಲೆ ಏನೂ ಇರಬಾರದು ಎಂದ ಕಾಂಪೌಂಡರ್. ಇಷ್ಟಲಿಂಗದ ಕರಡಿಗೆ ಮಾತ್ರ ತೆಗೆಯುವುದಿಲ್ಲ ಎಂದೆ. "ಕೈಯಲ್ಲಿ ಹಿಡ್ಕೊಳ್ಳಲಿ ಬಿಡಪ್ಪ" ಎಂದರು ಡಾಕ್ಟರ್. ಹಿಡಿದುಕೊಂಡೇ ಕ್ಲೋರೊಫಾರ್ಮಿಗೆ ಮೂಗು ಕೊಟ್ಟೆ. ಎಚ್ಚರವಾದಾಗ ಮುಷ್ಟಿಯ ಸುತ್ತ ಬಟ್ಟೆ. ಬೀಳದ ಹಾಗೆ ಯಾರೋ ಸುತ್ತಿದ್ದರು.

೨೩ ಫೆಬ್ರವರಿ

ಪಂಚೆ ತಾಗಿದರೆ ಬೆಚ್ಚುತ್ತೇನೆ. ಬೇರೆ ಯಾರದೋ ಮೈಯನ್ನು ಎರವಲು ತಂದ ಹಾಗೆ. ಏನೋ ಹೋಯಿತು ಎನ್ನಿಸುತ್ತದೆ.

ಬೆಳಿಗ್ಗೆ ಉರಿಯಿಲ್ಲದೆ ಮೂತ್ರ ಹೋಯಿತು. ಅಷ್ಟಕ್ಕೇ ಕಣ್ಣು ತುಂಬಿತು.

೬ ಮಾರ್ಚ್, ಗೂಡಲೂರು

ಹೆಂಡತಿಯ ತಮ್ಮ ಗುರುಮಲ್ಲಪ್ಪ ಬಂದ. ಕೂರಲಿಲ್ಲ.

"ಭಾವ, ಅಂಗಿ ಗುಂಡಿ ಬಿಚ್ಚಿ."

ಬಿಚ್ಚಿದೆ. ಕರಡಿಗೆ ಎದೆಯ ಮೇಲೇ ಇತ್ತು.

"ಲಿಂಗ ಅದೇಯಲ್ಲ! ಮತ್ತೆ ನೀವು ಜಾತಿ ಬುಟ್ರಿ, ಊಟಿಗೋಗಿ ಮಾಡಿಸ್ಕಂಡು ಬಂದ್ರಿ ಅಂತ ಗಾಡಿಯೋರೆಲ್ಲ ನಮ್ಮೂರ್‍ಗೆ ಬಂದು ಸಾರ್ತಾವ್ರೆ."

"ಮಾಡಿಸಿಕೊಂಡದ್ದು ನಿಜ. ಜಾತಿಗಲ್ಲ, ಕಾಯಿಲೆಗೆ."

ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಮೂಟೆಯ ಮೇಲೆ ಕುಸಿದು ಕೂತ.

"ಅಯ್ಯೋ ಶಿವನೆ, ಇಷ್ಟೇಯಾ? ನಿಮ್ಗೆ ಇಲ್ಲಿ ಇನ್ನೊಬ್ಳು ಅವ್ಳೆ ಅಂತ ಅಕ್ಕ ಅನ್ನ ಬುಟ್ಟು ಕೂತಿದ್ಲಲ್ಲ!"

"ನೀನೇ ಹೇಳು ಅವಳಿಗೆ."

"ನಾನಾ? ಅಕ್ಕನ್ ಮುಂದೆ ಇದ್ನ ಯಾವ್ ಬಾಯಲ್ಲಿ ಹೇಳ್ಲಿ? ಮೈ ನಿಮ್ದು, ಹೆಂಡ್ತಿ ನಿಮ್ದು. ಕರ್ಕಂಡ್ ಬತ್ತೀನಿ. ನೀವೇ ಹೇಳ್ಕಳಿ."

ಕಾಫಿ ಕುಡಿದು ಹೋದ. ಬೀದಿಗಿಳಿದ ಮೇಲೆ ಅವನು ನಗುವುದು ಕೇಳಿಸಿತು. ನನಗೂ ನಗು ಬಂತು — ಎಷ್ಟೋ ದಿನದ ಮೇಲೆ.

೧೭ ಮಾರ್ಚ್, ಸಂಜೆ

ಗಾಯ ಒಣಗಿದೆ. ಬೆಚ್ಚುವುದು ಕಡಿಮೆ. ಮೈ ಮತ್ತೆ ನನ್ನದು ಅನ್ನಿಸಲು ಶುರುವಾಗಿದೆ. ಮಂಕಾಯಿತೋ ಇಲ್ಲವೋ — ಹೇಳಲಾರೆ. ಒಬ್ಬನೇ ಕೂತು ಹೇಳುವ ಸಂಗತಿಯೂ ಅಲ್ಲ.

ಹಾಸಿಗೆ ಮನೆಗೆ ತಂದೆ. ತೆಪ್ಪಕಾಡಿನ ಹತ್ತಿರ ಆನೆಗಳು ದಾರಿಗಿಳಿದಿವೆ, ಮೈಸೂರು ಕಡೆಯ ಎತ್ತಿನ ಗಾಡಿಗಳು ನಿಂತಿವೆ ಎಂದು ಮೋಟಾರಿನವನು ಹೇಳಿಹೋದ. ಅವುಗಳಲ್ಲೊಂದರಲ್ಲಿ ಸಿದ್ದಾಜಮ್ಮ ಇದ್ದಾಳೆ. ಬರುತ್ತಿದ್ದಾಳೆ.

ಏನು ಹೇಳಬೇಕೆಂದು ಮಧ್ಯಾಹ್ನದಿಂದ ಜೋಡಿಸಿಕೊಳ್ಳುತ್ತಿದ್ದೇನೆ. ನನ್ನ ನೋವು, ನನ್ನ ನಾಚಿಕೆ, ನನ್ನ ಆಪರೇಷನ್... ಎಲ್ಲ ನನ್ನದೇ. ಗಂಡ ಯಾಕೆ ಒಳಗೆ ಬರುವುದಿಲ್ಲ ಎಂದು ತಿಳಿಯದೆ ಬಾಗಿಲು ನೋಡುತ್ತ ಮಲಗಿದವಳದು ಇದರಲ್ಲಿ ಎಲ್ಲಿ? ಮೊದಲು ಕೇಳಬೇಕಾದವನು ನಾನು.

ಸಿದ್ದೂ, ಅಷ್ಟೆಲ್ಲ ದಿನ ನೀನು ಯಾರ ಹತ್ತಿರ ಹೇಳಿಕೊಂಡೆ?