ಅಪ್ಪನ ಪಾಲಿನ ನಡಿಗೆ

ಹೆಣ್ಣುಮಕ್ಕಳ ಹಾಸ್ಟೆಲ್, ದಾವಣಗೆರೆ
ಬಿಸಿಲುಮಾಸ ಕಳೆದ ಎರಡನೇ ಹುಣ್ಣಿಮೆ, ೨೧೯೩

ನನ್ನ ಮುತ್ತಜ್ಜಿಯ ಮುತ್ತಜ್ಜಿಯವರಿಗೆ ಮಂದಾರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಬಿಸಿಲುಮಾಸ ಇರಲಾರದು. ಮೇ ತಿಂಗಳ ಕೊನೆಯನ್ನೂ ಜೂನ್ ತಿಂಗಳ ಶುರುವನ್ನೂ ಕತ್ತರಿಸಿ ನಮ್ಮವರು ಅದನ್ನು ಮಾಡಿಕೊಂಡಿದ್ದಾರೆ. ಆಗ ಹಗಲು ಹೊರಗೆ ಕಾಲಿಡಲು ಆಗುವುದಿಲ್ಲ, ಕಾಲೇಜು ಕೋರ್ಟು ಎಲ್ಲಕ್ಕೂ ರಜೆ. ನನ್ನ ಕನ್ನಡವನ್ನೂ ಸ್ವಲ್ಪ ಸಹಿಸಿಕೊಳ್ಳಿ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಯೋಚನೆ ಅರ್ಧ ಇಂಗ್ಲಿಷಿನಲ್ಲಿ ಬರುತ್ತದೆ, ಟೆನ್ಷನ್ ಆದರೆ ಪೂರ್ತಿ. ಈಗ ತುಂಬಾ ಟೆನ್ಷನ್ ಆಗಿದೆ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ನಾನಿನ್ನೂ ಫಸ್ಟ್ ಇಯರ್, ಅದು ಥರ್ಡ್ ಇಯರ್ ಸಿಲಬಸ್.

ಮೊದಲು ‘ಮುಡಿಪು’ ಎಂದರೇನು ಎಂದು ಹೇಳಬೇಕು. ನಿಮ್ಮಲ್ಲಿ ಅದು ದೇವರಿಗೆ ಎತ್ತಿಡುವ ಕಾಣಿಕೆಯಂತೆ. ನಮ್ಮಲ್ಲಿ ಅದು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ನಡೆಯುವ ನಡಿಗೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಶುರುವಾಯಿತೆಂದು ನಮಗೆ ಹೇಳಿಕೊಟ್ಟಿದ್ದಾರೆ. ಆಗ ಪ್ರತಿ ಆಫೀಸಿನಲ್ಲೂ ದಿನಾ ವ್ಯಾಯಾಮ ಮಾಡಲೇಬೇಕೆಂಬ ರೂಲ್ ಬಂತು. ಮಾಡಿದರೋ ಇಲ್ಲವೋ ಎಂದು ನೋಡಲು ಕೈಗೊಂದು ಪಟ್ಟಿ ಕಟ್ಟಿದರು. ಪುರುಸೊತ್ತು ಯಾರಿಗಿತ್ತು? ಮನೆಯಲ್ಲಿ ಹೇಗೂ ವಾಕಿಂಗ್ ಹೋಗುವವರೊಬ್ಬರು ಇರುತ್ತಿದ್ದರಲ್ಲ, ಉಳಿದವರೆಲ್ಲ ತಮ್ಮ ಪಟ್ಟಿ ಬಿಚ್ಚಿ ಅವರ ಕೈಗೇ ಕಟ್ಟಿ, “ನನ್ನ ಪಾಲಿಂದೂ ನೀನೇ ನಡ್ಕೊಂಡ್ ಬಾ” ಎಂದು ನಗುತ್ತಾ ಕಳಿಸತೊಡಗಿದರು. ಸ್ವಲ್ಪ ವರ್ಷಕ್ಕೆ ಸರ್ಕಾರವೂ ಒಪ್ಪಿತು, ಮನೆಗೊಬ್ಬರು ನಡೆದರೆ ಸಾಕೆಂದು. ಪಟ್ಟಿಗಳು ಹೋದವು, ಅವುಗಳ ಜಾಗಕ್ಕೆ ಬಣ್ಣದ ದಾರ ಬಂತು. ಇನ್ನೆರಡು ತಲೆಮಾರು ಕಳೆಯುವಷ್ಟರಲ್ಲಿ ಅದೊಂದು ತಮಾಷೆಯ ಸುಳ್ಳಾಗಿತ್ತು ಎಂಬುದೇ ಎಲ್ಲರಿಗೂ ಮರೆತುಹೋಯಿತು. ಹೆಂಡತಿ ನಡೆದರೆ ಗಂಡನ ಎದೆ ಗಟ್ಟಿ, ತಾಯಿ ನಡೆದರೆ ಮಕ್ಕಳ ಮೂಳೆ ಗಟ್ಟಿ. ನಾನೂ ನಂಬಿದ್ದೆ. ಹಾಸ್ಟೆಲಿನ ಎರಡನೇ ಮಹಡಿ ಹತ್ತುವಾಗ ಮಧ್ಯೆ ಕೂತು ಸುಧಾರಿಸಿಕೊಳ್ಳುತ್ತಿದ್ದೆ; ಆಗೆಲ್ಲ, ಇವತ್ತು ಅಮ್ಮ ಲೇಟಾಗಿ ಎದ್ದಿರಬೇಕು ಅಂದುಕೊಳ್ಳುತ್ತಿದ್ದೆ.

ನಮ್ಮ ಮನೆ ಚಿತ್ರದುರ್ಗದಲ್ಲಿ. ಅಮ್ಮ ಸ್ಕೂಲ್ ಟೀಚರ್. ಬಿಸಿಲೇರುವ ಮುಂಚೆ ಕೋಟೆಯ ಕೆಳಗಿನ ರಸ್ತೆ ಹೆಂಗಸರಿಂದ, ರಿಟೈರ್ಡ್ ಗಂಡಸರಿಂದ ತುಂಬಿರುತ್ತದೆ. ರಸ್ತೆಯ ತುದಿಯಲ್ಲಿ ಒಂದು ನಿಮಿಷ ನಿಂತು, ಯಾರಿಗಾಗಿ ನಡೆಯುತ್ತಿದ್ದೇವೆಂದು ಹೆಸರು ಹೇಳಿ ಹೊರಡುತ್ತಾರೆ. ಅಮ್ಮನ ಮಣಿಕಟ್ಟಿನಲ್ಲಿ ಅಪ್ಪನ ಕೆಂಪು ದಾರ, ನನ್ನ ನೀಲಿ ದಾರ. ಒಬ್ಬರಿಗೆ ನಡೆದು ಬಂದು, ಮತ್ತೆ ಹೆಸರು ಹೇಳಿ ಇನ್ನೊಬ್ಬರಿಗೆ. ಆಮೇಲೆ ಅಡುಗೆ, ಆಮೇಲೆ ಸ್ಕೂಲು. ದಾರವೇ ಇಲ್ಲದೆ ನಡೆಯುವವರೂ ಕೆಲವರಿದ್ದಾರೆ. ಅವರನ್ನು ಬರಿಗೈಯವರು ಎನ್ನುತ್ತಾರೆ. ತಮಗಾಗಿ ತಾವೇ ನಡೆಯುವವರು, ಅಂದರೆ ಅವರ ಪಾಲಿಗೆ ನಡೆಯುವವರು ಸತ್ತಿದ್ದಾರೆ ಎಂದರ್ಥ. ಜನ ಅವರಿಗೆ ದಾರಿ ಬಿಡುತ್ತಾರೆ, ಮನೆಗೆ ಬಾಳೆಹಣ್ಣು ತೆಗೆದುಕೊಂಡು ಹೋಗಿ ಮಾತಾಡಿಸಿ ಬರುತ್ತಾರೆ.

ನನ್ನ ಅಪ್ಪ ತಿಪ್ಪೇಶ ಗಾಳಿಗಿರಣಿಗಳ ಕಂಟ್ರೋಲ್ ರೂಮಿನಲ್ಲಿದ್ದರು. ಗುಡ್ಡದ ಮೇಲಿನ ರೆಕ್ಕೆಗಳನ್ನೆಲ್ಲ ಸ್ಕ್ರೀನಿನಲ್ಲಿ ನೋಡಿಕೊಳ್ಳುವ ಕೆಲಸ. ಊಟವೂ ಕುರ್ಚಿಯಲ್ಲೇ. “ನಾನು ಕೂತಲ್ಲೇ ಜಿಲ್ಲೆಗೆಲ್ಲಾ ಗಾಳಿ ತಿರುಗಿಸ್ತೀನಿ, ನಂಗ್ಯಾಕೇ ಕಾಲು” ಎನ್ನುತ್ತಿದ್ದರು. ಈ ಬಿಸಿಲುಮಾಸಕ್ಕೆ ನನ್ನನ್ನು ಕರೆತರಲು ಸ್ಟೇಷನ್ನಿಗೆ ಬಂದವರು ಮೇಲ್ಸೇತುವೆಯ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕೂತುಬಿಟ್ಟರು. ಆಸ್ಪತ್ರೆಯಲ್ಲಿ ಡಾಕ್ಟರ್ ಶಬಾನ ಬಾಗಿಲು ಹಾಕಿ ಬಂದು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಸಣ್ಣ ದನಿಯಲ್ಲಿ ಹೇಳಿದರು: “ಇವರು ತಾವೇ ನಡೀಬೇಕು. ನಿಧಾನಕ್ಕೆ, ಸ್ವಲ್ಪ ಸ್ವಲ್ಪ, ಆದ್ರೆ ದಿನಾ. ಇಲ್ಲಾಂದ್ರೆ ಮುಂದಿನ ಸಲ ನನ್ನ ಹತ್ರ ಬರೋಷ್ಟು ಟೈಮ್ ಇರಲ್ಲ.”

ಅಮ್ಮ ಕೇಳಿದ್ದು ಒಂದೇ ಮಾತು. “ಹಾಗಾದ್ರೆ ಇಷ್ಟು ವರ್ಷ ನಾನು ನಡೆದಿದ್ದು ಯಾರಿಗೆ?”

ಮರುದಿನದಿಂದ ಅಮ್ಮ ಅಪ್ಪನ ಹೆಸರಿನಲ್ಲಿ ಎರಡು ಸಲ ನಡೆಯತೊಡಗಿದಳು. ನಡೆಯುವಾಗ ತನ್ನ ಮನಸ್ಸು ಸ್ಕೂಲಿನ ಕಡೆ ಹೋಗುತ್ತಿತ್ತು, ಅದಕ್ಕೇ ಹೀಗಾಯಿತು ಎಂದು ತಾನೇ ತೀರ್ಮಾನ ಮಾಡಿಕೊಂಡಿದ್ದಳು. ಅಪ್ಪನಿಗೆ ನಾನು ಹೇಳದ ಮಾತಿಲ್ಲ. “ಅವಳು ಬದುಕಿರುವಾಗ್ಲೇ ನಾನು ಬರಿಗೈಲಿ ರೋಡಿಗಿಳೀಲಾ? ಜನ ಏನಂದ್ಕೋತಾರೆ, ಮಂದಾರ?” ಎನ್ನುತ್ತಿದ್ದರು. ಕೊನೆಗೆ, ರೋಡು ಬೇಡ ಅಪ್ಪ, ತಾರಸಿ ಮೇಲೆ ನಡೆಯೋಣ, ನಾನೂ ಬರುತ್ತೇನೆ ಎಂದು ಗೋಗರೆದೆ. ಬಂದರು. ಬಿಸಿಲೇರುವ ಮುಂಚೆ ನೀರಿನ ಟ್ಯಾಂಕಿನ ಸುತ್ತ ಇಬ್ಬರೂ ಏದುಸಿರು ಬಿಡುತ್ತಾ ನಡೆದೆವು. ಮೊದಲ ದಿನ ಅಪ್ಪನಿಗೆ ನಾಚಿಕೆ, ಎರಡನೇ ದಿನ ನಗು. ಮೂರನೇ ದಿನ ನನಗಿಂತ ಒಂದು ಹೆಜ್ಜೆ ಮುಂದೆ ಹೋಗಿ ತಿರುಗಿ, “ಏನಮ್ಮಾ, ಕಾಲೇಜು ಹುಡುಗಿ, ಇಷ್ಟೇನಾ?” ಎಂದರು. ಆ ಮುಖ ನನಗೆ ಮರೆಯುವುದಿಲ್ಲ.

ಅವತ್ತೇ ಸಂಜೆ, ಅಪ್ಪ ತಾರಸಿ ಮೇಲೆ ನಡೆಯುವುದನ್ನು ಕಂಡಿದ್ದ ಎದುರುಮನೆಯ ಹಾಲೇಶಪ್ಪ ಮಾಮ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು, ಮುಖ ಇಳಿಸಿಕೊಂಡು ಬಂದರು. ಬಾಗಿಲು ತೆಗೆದವಳು ಅಮ್ಮ.

“ತಂಗೀ... ನೀನು ಇದ್ದೀಯಾ?”

“ಇದ್ದೀನಣ್ಣ. ಒಳಗೆ ಬನ್ನಿ, ಕಾಫಿ ಕುಡ್ಕೊಂಡ್ ಹೋಗಿ.”

ಮಾಮ ಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಕಾಫಿ ಕುಡಿದರು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ನಗಲಿಲ್ಲ. ಅವರು ಹೋದ ಮೇಲೆ ಅಪ್ಪ ಅಮ್ಮನ ಮುಖ ನೋಡಿ, “ಸಾಕು ಬಿಡಮ್ಮ ಇದೆಲ್ಲ” ಎಂದು ನನಗೆ ಹೇಳಿದರು. ಮತ್ತೆ ತಾರಸಿ ಹತ್ತಲಿಲ್ಲ. ರಜೆ ಮುಗಿಯಿತು, ನಾನು ಹಾಸ್ಟೆಲಿಗೆ ಬಂದೆ.

ಇನ್ನು ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ಒಂದು ಬೆಳಿಗ್ಗೆ ಹಾಲೇಶಪ್ಪ ಮಾಮ ಏನೋ ಕೇಳಲು ಮನೆಗೆ ಹೋದಾಗ ಅಪ್ಪ ಹಜಾರದ ನೆಲದ ಮೇಲೆ ಬಿದ್ದಿದ್ದರು. ಉಸಿರಿತ್ತು. ಮಾಮ ಆಂಬುಲೆನ್ಸಿಗೆ ಫೋನ್ ಮಾಡಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ಕೋಟೆ ರಸ್ತೆಗೆ ಓಡಿದರು. “ಬಿರಬಿರನೆ ನಡಿಯಮ್ಮಾ, ತಿಪ್ಪೇಶಂಗೆ ಉಸಿರು ಹತ್ತಿದೆ!” ಎಂದು ದೂರದಿಂದಲೇ ಕೂಗಿದರು. ಅಮ್ಮ ಓಡತೊಡಗಿದಳು. ಕೇಳಿಸಿಕೊಂಡ ಹೆಂಗಸರೆಲ್ಲ ತಮ್ಮ ಗಂಡಂದಿರ, ಮಕ್ಕಳ ನಡಿಗೆಯನ್ನು ಅಲ್ಲಿಗೇ ಬಿಟ್ಟು ಅಪ್ಪನ ಹೆಸರು ಹೇಳಿ ಅಮ್ಮನ ಹಿಂದೆ ಓಡಿದರು. ಇಡೀ ರಸ್ತೆ ತಿಪ್ಪೇಶ, ತಿಪ್ಪೇಶ ಎನ್ನುತ್ತಾ ಓಡಿತಂತೆ. ಅಪ್ಪನ ಉಸಿರು ನಿಂತಾಗ ಮನೆಯಲ್ಲಿ ಅವರ ಪಕ್ಕ ಒಬ್ಬರೂ ಇರಲಿಲ್ಲ.

ನಾನು ಊರು ಮುಟ್ಟಿದಾಗ ಎಲ್ಲರೂ ನನ್ನ ಕೈ ಹಿಡಿದು ಅದನ್ನೇ ಹೇಳಿದರು. “ಇಡೀ ರೋಡೇ ನಿಮ್ಮಪ್ಪಂಗೆ ನಡೀತು ಕಣಮ್ಮ. ಅಂಥ ಪುಣ್ಯ ಯಾರಿಗಿದೆ?” ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೆ ಒಬ್ಬೊಬ್ಬರ ಕಾಲೂ ಊದಿಕೊಂಡಿತ್ತು. ಅಮ್ಮನ ಹಿಮ್ಮಡಿಯಲ್ಲಿ ರಕ್ತ.

ಕೆಂಪು ದಾರ ಬಿಚ್ಚಿದರು. ನೀಲಿ ದಾರ ಹಾಗೇ ಇದೆ. ಅಪ್ಪನ ಪಾಲಿನ ನಡಿಗೆಯನ್ನೂ ಅಮ್ಮ ಈಗ ನನ್ನ ಹೆಸರಿಗೇ ನಡೆಯುತ್ತಿದ್ದಾಳೆ.

ಮುತ್ತಜ್ಜಿ, ನೀವು ಬಿಜಿ ಎಂದು ನನಗೆ ಗೊತ್ತು. ನಮಗೂ ಹೀಗಾದದ್ದು ಯಾರೂ ಕೆಟ್ಟವರಾಗಿದ್ದರಿಂದಲ್ಲ; ಎಲ್ಲರಿಗೂ ಕೆಲಸವಿತ್ತು, ಎಲ್ಲರಿಗೂ ಪ್ರೀತಿಯಿತ್ತು. ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ಕುಕ್ಕರ್ ಕೂಗುವುದರೊಳಗೆ ಆಗಲಿ, ಬಸ್ಸಿಗೆ ಒಂದು ಸ್ಟಾಪ್ ಮುಂಚೆ ಇಳಿದಾಗಲಿ, ನಿಮ್ಮ ದೇಹದ ಕೆಲಸವನ್ನು ನೀವೇ ಮಾಡಿ. ಮನೆಯವರನ್ನೂ ಎಬ್ಬಿಸಿ ಜೊತೆಗೆ ಕರೆದುಕೊಂಡು ಹೋಗಿ, ಗೊಣಗಿದರೂ ಬಿಡಬೇಡಿ. ಅವರಿಗೆ ನಿಮ್ಮ ಮೇಲೆ ಎಷ್ಟೇ ಪ್ರೀತಿ ಇರಲಿ, ನಿಮ್ಮ ಎದೆಗೆ ಬೇಕಾದ ಉಸಿರನ್ನು ಅವರು ಎಳೆದುಕೊಳ್ಳಲಾರರು.

ಇವತ್ತು ಬೆಳಿಗ್ಗೆ ನಾನು ಹಾಸ್ಟೆಲಿನ ಗ್ರೌಂಡಿನಲ್ಲಿ ಬರಿಗೈಯಲ್ಲಿ ನಡೆದೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿ, ನಾಳೆಯಿಂದ ನನ್ನ ಹೆಸರು ಹೇಳಬೇಡಮ್ಮ, ನಾನೇ ನಡೆಯುತ್ತೇನೆ ಎಂದೆ. ಬಯ್ಯುತ್ತಾಳೆ, ಅಳುತ್ತಾಳೆ ಎಂದು ಎಷ್ಟೊಂದು ರೆಡಿಯಾಗಿದ್ದೆ. ಅದೆರಡೂ ಮಾಡದೆ ಅವಳು ಕೇಳಿದಳು:

“ಹಾಗಾದ್ರೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ, ಮಂದಾರ?”

ಶನಿವಾರ ದುರ್ಗಕ್ಕೆ ಹೋಗುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಅಮ್ಮನ ಜೊತೆ ನಾನೂ ಕೋಟೆ ರಸ್ತೆಗಿಳಿಯುತ್ತೇನೆ, ಬರಿಗೈಯಲ್ಲಿ.

ನಿಮ್ಮವಳು,
ಮಂದಾರ