ಒಂದು ಸಾಲೂ ಬಿಡದೆ

ಗಂಗಾವತಿ,
ತಾ. 2-8-1999, ಸೋಮವಾರ

ಪ್ರೀತಿಯ ಅವ್ವಾ,

ಹೇಗಿದ್ದೀ? ಮಳೆ ಹಿಡಿದ ಮೇಲೆ ಮಂಡಿನೋವು ಮತ್ತೆ ಎದ್ದಿರಬೇಕು. ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ದೇವರ ಗೂಡಿನಲ್ಲಿಟ್ಟು 'ಮಗಳು ಕಳಿಸ್ಯಾಳ' ಎಂದು ಬಂದವರಿಗೆಲ್ಲ ತೋರಿಸುತ್ತೀಯೋ? ಅದು ನಿನ್ನ ಕೈಗೆ ಮುಟ್ಟಿತೋ ಇಲ್ಲವೋ ಎಂಬುದೇ ಈಗ ನನಗೆ ಅನುಮಾನ. ನಾನು ಆರಾಮ ಇದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ.

ಈ ಕಾಗದ ಟಪಾಲಿನಲ್ಲಿ ಬಂದಿಲ್ಲ, ಓದುತ್ತಿರುವವರು ಯಾವಾಗಲೂ ನಿನಗೆ ಓದಿ ಹೇಳುವ ನಮ್ಮ ಅಣ್ಣ ಯಂಕೋಬಣ್ಣನೂ ಅಲ್ಲ. ಇವರು ಯಾರು, ಯಾಕೆ ಬಂದರು ಎಂಬುದನ್ನು ಕೊನೆಗೆ ಹೇಳುತ್ತೇನೆ. ಅಲ್ಲಿಯವರೆಗೆ ಏನೂ ಕೇಳಬೇಡ, ಒಂದು ತಂಬಿಗೆ ನೀರು ಕೊಟ್ಟು ಕೂಡಿಸು. ನಾಟಿಯ ಕಾಲ, ಅಣ್ಣ ಗದ್ದೆಯಲ್ಲೇ ಇರುತ್ತಾನೆ, ಅತ್ತಿಗೆ ಬುತ್ತಿ ಒಯ್ದಿರುತ್ತಾಳೆ ಎಂದು ಯೋಚಿಸಿಯೇ ಈ ಹೊತ್ತು ಗೊತ್ತು ಮಾಡಿದ್ದೇನೆ. ಬಾಗಿಲು ಮುಂದೆ ಮಾಡು. ಬೇಡ, ಬೇಡ, ತೆರೆದೇ ಇರಲಿ. ಹಗಲಲ್ಲಿ ಬಾಗಿಲು ಮುಚ್ಚಿದರೆ ಆಚೆ ಮನೆಯ ಶಾಹಜಾದಬಿ ಇಣುಕಿ ನೋಡದೆ ಬಿಡುವವಳಲ್ಲ.

ನನ್ನ ಸ್ವಭಾವ ನಿನಗೆ ಗೊತ್ತಿದ್ದದ್ದೇ. ಚಿಕ್ಕವಳಿದ್ದಾಗ ನೀನು ಕೊಟ್ಟ ಬೆಲ್ಲವನ್ನೂ ಮೂಸಿ ನೋಡಿ ಬಾಯಿಗೆ ಹಾಕುತ್ತಿದ್ದೆನಂತೆ. ಕುಷ್ಟಗಿಯಲ್ಲಿ ಗೋವಿಂದರಾಜನ ಸಂಸಾರ ಮಾಡಿದ ಮೇಲಂತೂ ಕೇಳುವುದೇ ಬೇಡ. ಹಾಲಿನಲ್ಲಿ ಬಾಯಿ ಸುಟ್ಟವರು ಮಜ್ಜಿಗೆ ಊದಿ ಕುಡಿಯುತ್ತಾರಂತೆ, ನಾನು ನೀರನ್ನೂ ಊದುತ್ತೇನೆ. ಅವನ ಕೈಯ ಪೆಟ್ಟು ಸಾಕಾಗಿ, ಯುಗಾದಿ ಮುಗಿಸಿ ಮನೆ ಬಿಟ್ಟು, ಕೊಪ್ಪಳದ ಹೊಸ ಜಿಲ್ಲಾ ಕಚೇರಿಗೆ ಅಲೆದು ಅಲೆದು ಈ ಊರಿನ ದವಾಖಾನೆಗೆ ವರ್ಗ ಮಾಡಿಸಿಕೊಂಡು ಬಂದೆನಲ್ಲ, ಇಲ್ಲಿ ಎಲ್ಲರದೂ ಒಂದೇ ಪ್ರಶ್ನೆ: 'ನರ್ಸಬಾಯಾರ, ಯಜಮಾನ್ರು ಎಲ್ಲಿ ಇರ್ತಾರ್ರಿ?' ಮನೆ ಮಾಲಕ ಹುಚ್ಚೀರಪ್ಪ ನಳದ ನೀರು ಬಂತೆಂದು ಹೇಳುವ ನೆಪದಲ್ಲಿ ಬಂದು, ಒಳಗೆ ಗಂಡಸಿನ ಚಪ್ಪಲಿ ಇದೆಯೋ ಎಂದು ನೋಡಿ ಹೋಗುತ್ತಾನೆ. ಮನಸ್ಸಿನ ಮಾತು ಆಡಲು ನನಗೆ ಉಳಿದದ್ದು ಬರೆಯುವ ಹಾಳೆ ಒಂದೇ. ಹೌದು, ಸಾಲಿಯಲ್ಲಿ ಹಿಡಿದ ಆ ಚಟ ಇನ್ನೂ ಬಿಟ್ಟಿಲ್ಲ. ಗೋವಿಂದರಾಜ ಹರಿದು ಒಲೆಗೆ ಹಾಕಿದರೂ ಬಿಡಲಿಲ್ಲ.

ಒಂದು ದಿನ ಶಹನಾಜಬೇಗಂ ಎಂಬ ಉರ್ದು ಸಾಲಿಯ ಟೀಚರು ತಮ್ಮ ಅತ್ತೆಗೆ ಸಲಾಯಿನ್ ಹಚ್ಚಿಸಿಕೊಂಡು ಕೂತಿದ್ದರು. ನಾನು ಕೆಲಸದ ನಡುವೆ ಏನೋ ಗೀಚುತ್ತಿದ್ದುದನ್ನು ಕಂಡು, 'ನೀವೂ ಬರೀತೀರೇನ್ರಿ? ನಾವೊಂದಿಷ್ಟು ಮಂದಿ ರವಿವಾರ ಕೂಡ್ತೀವಿ, ಬರ್ರಿ' ಅಂದರು. ಎಲ್ಲಿ ಎಂದರೆ, ಸಿದ್ದಾಪುರ ರಸ್ತೆಯ ಅಕ್ಕಿ ಗಿರಣಿಯ ಹಿಂದಿನ ಗೋದಾಮಿನಲ್ಲಂತೆ! ನೀನೇ ಹೇಳು ಅವ್ವಾ, ಬರೆಯುವವರಿಗೆ ಗೋದಾಮು ಯಾಕೆ ಬೇಕು? ಮೊದಲು, ಒಬ್ಬರ ಕೊರಳಿಗೆ ಇನ್ನೊಬ್ಬರನ್ನು ಕಟ್ಟಿ ಸೋಪು ಪೌಡರು ಮಾರಿಸುವವರು ಅಂದುಕೊಂಡೆ. ಆಮೇಲೆ, ಇಲೆಕ್ಷನ್ ಬಂತು, ಯಾವುದೋ ಪಾರ್ಟಿಯವರು ಅನ್ನಿಸಿತು. ಗೋವಿಂದರಾಜನೇ ನನ್ನ ಸುದ್ದಿ ತೆಗೆಯಲು ಬಿಟ್ಟಿರಬಹುದು ಎಂಬ ಯೋಚನೆಯೂ ಬಂತು. ಆದರೂ ಹೋದೆ. ಗೀಚಿದ್ದನ್ನು ಒಬ್ಬರಾದರೂ ಕೇಳಲಿ ಎಂಬ ಆಸೆ, ಏನು ಮಾಡಲಿ? ಹೋಗುವಾಗ ಚೀಲದಲ್ಲಿ ದವಾಖಾನೆಯ ಕತ್ತರಿ ಇಟ್ಟುಕೊಂಡಿದ್ದೆ.

ಅಲ್ಲಿ ಅಕ್ಕಿ ಮೂಟೆಗಳ ನಡುವೆ ಜಮಖಾನೆ ಹಾಸಿ ಹತ್ತಿಪ್ಪತ್ತು ಜನ ಕೂತಿದ್ದರು. ನಾನು ಬಾಗಿಲ ಬಳಿ, ಚಪ್ಪಲಿ ಕೈಗೆ ಸಿಗುವಷ್ಟು ದೂರದಲ್ಲಿ ಕೂತೆ. ಬಿಸಿ ಮಿರ್ಚಿಭಜಿ, ಚಹಾ ಬಂದವು. ಪುಗಸಟ್ಟೆ ಯಾರು ಕೊಡುತ್ತಾರೆ? ಉಳಿದವರು ತಿನ್ನುವುದನ್ನು ನೋಡಿಯೇ ನಾನು ಒಂದು ತಿಂದೆ. ರುಚಿ ಇತ್ತು, ಸುಳ್ಳು ಯಾಕೆ ಹೇಳಲಿ. ಅವರದೊಂದು ಪದ್ಧತಿ. ಬರೆದ ಹಾಳೆಗೆ ಹೆಸರು ಹಾಕದೆ ಎಲ್ಲರೂ ಒಂದು ಮೊರದಲ್ಲಿ ಇಡಬೇಕು, ನಾವು ಅಕ್ಕಿ ಕೇರುವಂಥ ಮೊರ. ಒಬ್ಬರದನ್ನು ಇನ್ನೊಬ್ಬರು ಎತ್ತಿ ಓದಬೇಕು. ಕಾಲೇಜಿನ ಮೇಷ್ಟ್ರು ಗವಿಸಿದ್ದೇಶ ಅದರ ಹಿರೇತನ ಮಾಡುವವರು. 'ಬರದವ್ರು ಬಾಯಿ ತಗೀಬಾರದ್ರಿ. ನಮ್ಮ ಮಾತು ಇನ್ನೊಬ್ರ ಬಾಯಾಗ ಹೆಂಗ ಕೇಳಸತೈತಿ ಅಂತ ಸುಮ್ನ ಕೇಳಬೇಕು' ಅಂದರು. ಓಹೋ, ಕದಿಯಲು ಒಳ್ಳೆಯ ದಾರಿ ಎಂದುಕೊಂಡು, ನಾನು ಪರೀಕ್ಷೆಗೆ ದವಾಖಾನೆಯ ಬೆಕ್ಕಿನ ಬಗ್ಗೆ ಬರೆದಿಟ್ಟೆ. ಅದು ಡಾಕ್ಟರ ಕುರ್ಚಿಯಲ್ಲಿ ಮಲಗುವ ಸಂಗತಿ ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕದ್ದು ಬೆಕ್ಕಿಗೋ ನನಗೋ ಎಂದು ವಾರವಿಡೀ ಕೊರೆಯಿತು. ಮುಂದಿನ ರವಿವಾರ ಮತ್ತೆ ಹೋದೆ, ಅದರ ಮುಂದಿನ ರವಿವಾರವೂ.

ಅಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಅನುಮಾನ ಇದ್ದದ್ದು ಅರಿವೆ ಅಂಗಡಿಯ ಶಬ್ಬೀರಸಾಬರ ಮೇಲೆ. ಮಾತಿನಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ ಅನ್ನುತ್ತಾರಲ್ಲ, ನೋಡಿದ ಕೂಡಲೇ ಹಾಗೆ ಅನ್ನಿಸಿತು. ನಾನು ಹೋದ ಮೊದಲ ದಿನವೇ 'ತವರುಮನಿ ಯಾವೂರ್ರಿ ಬಾಯಾರ?' ಎಂದು ಕೇಳಿದರು. ನವಲಿ ಎಂದದ್ದೇ ಕಣ್ಣು ಅಗಲ ಮಾಡಿ, 'ನವಲಿಗೆ ನಾ ಅರಿವಿ ಗಂಟು ಹೊತ್ಕೊಂಡು ವಾರಕ್ಕೊಮ್ಮೆ ಹೊಕ್ಕೀನ್ರೀ!' ಅಂದರು. ಬಿತ್ತಲ್ಲ ಎದೆಗೆ ಕಲ್ಲು. ಇವರು ಅಣ್ಣನ ಬೇಹಿನವರೇ ಸರಿ, ನಾನು ಎಲ್ಲಿ ಹೋದೆ, ಯಾರ ಜೊತೆ ಕೂತೆ ಎಂಬುದೆಲ್ಲ ಇನ್ನು ಊರಬಾಗಿಲ ಅಗಸಿಕಟ್ಟೆಗೆ ಮುಟ್ಟುತ್ತದೆ ಅಂದುಕೊಂಡು, ಅವರ ಮುಂದೆ ಹೂಂ, ಊಹೂಂ ಬಿಟ್ಟು ಬೇರೆ ಮಾತೇ ಆಡಲಿಲ್ಲ.

ನಿನ್ನೆ ಮೊದಲ ಸಲ ಮನಸ್ಸಿನದೊಂದನ್ನು ಬರೆದು ಮೊರದಲ್ಲಿ ಇಟ್ಟೆ. ನಮ್ಮ ಪಂಚಮಿ ಹಬ್ಬದ್ದು. ಬೇವಿನ ಮರದ ಜೋಕಾಲಿ, ಅಣ್ಣ ಕರೆಯಲು ಬರುತ್ತಾನೆಂದು ಹೆಣ್ಣುಮಕ್ಕಳು ದಾರಿ ಕಾಯುವುದು, ಶೇಂಗಾ ಹುರಿದ ವಾಸನೆ. ಕುಡುಗೋಲು ತಾಗಿ ತುದಿ ಹೋದ ನಿನ್ನ ಹೆಬ್ಬೆರಳಿನಿಂದಾಗಿ ನೀನು ಕಟ್ಟುವ ಉಂಡಿ ಒಂದು ಮಗ್ಗಲಿಗೆ ಚಪ್ಪಟೆಯಾಗುತ್ತದಲ್ಲ, ಅದನ್ನೂ ಬರೆದಿದ್ದೆ. ಕೊನೆಗೆ, ಕಾರಹುಣ್ಣಿಮೆಯ ಹೊತ್ತಿಗೆ ನಾನು ನಿನಗೆ 'ಈ ಪಂಚಮಿಗೆ ಬರಲೇನವ್ವಾ?' ಎಂದು ಕೇಳಿ ಬರೆದದ್ದು, ಅದಕ್ಕೆ ಅಣ್ಣನ ಕೈಬರಹದಲ್ಲಿ ಬಂದ ನಿನ್ನ ಉತ್ತರ: 'ಗಂಡನ ಕರಕೊಂಡು ಬರೂದಾದ್ರ ಬಾ. ಒಬ್ಬಾಕೀನ ಬಂದು ಮನಿ ಮರ್ಯಾದಿ ಕಳೀಬ್ಯಾಡ.'

ಹಾಳೆ ಎತ್ತಿದ್ದು ಶಬ್ಬೀರಸಾಬರು. ಛಲೋ ಓದಿದರು, ನನ್ನ ಮಾತೇ ನನಗೆ ಹೊಸದಾಗಿ ಕೇಳಿಸಿತು. ಆದರೆ 'ಅವ್ವನ ಉತ್ತರ ಬಂತು' ಎಂಬಲ್ಲಿಗೆ ಬಂದು, ಅದೇ ಕೊನೆ ಎಂಬಂತೆ ಹಾಳೆ ಮಡಚಿಬಿಟ್ಟರು! ಶಹನಾಜಬೇಗಂ ಕಣ್ಣೊರೆಸಿಕೊಂಡು, 'ಪುಣ್ಯಾತಗಿತ್ತಿ ತಾಯಿ, ಮಗಳ್ನ ಕರದ್ಲಲ್ಲ' ಅಂದರು. ಎಲ್ಲರೂ ಹೌದು ಹೌದು ಎಂದರು. ನಾನು ಪದ್ಧತಿ ಗಿದ್ಧತಿ ಮರೆತು ಎದ್ದು ನಿಂತೆ. 'ಇನ್ನೂ ಐತ್ರಿ ಅದರಾಗ! ಯಾಕ ನುಂಗಿದ್ರಿ?' ಅವರು ತಲೆ ತಗ್ಗಿಸಿ, 'ಸಿಟ್ಟಾಗಬ್ಯಾಡ್ರಿ ಬಾಯಾರ. ಹೆತ್ತಾಕಿ ಅಂದ ಮಾತಂತ ಓದಾಕ ನಾಲಿಗಿ ಏಳಲಿಲ್ಲ' ಅಂದರು. ಹಾಳೆ ಕಿತ್ತುಕೊಂಡು ಹೊರಟೆ. ಕಾಲುವೆ ದಾಟುವ ಪೂಲು ಬರುವವರೆಗೂ ಅವರನ್ನು ಬೈಯುತ್ತಲೇ ನಡೆದೆ. ಕಳ್ಳ, ಸುಳ್ಳ, ಅರಿವೆಯಂತೆ ಮಾತನ್ನೂ ಕತ್ತರಿಸುವವ, ಇನ್ನೂ ಏನೇನೋ.

ಪೂಲಿನ ಮೇಲೆ ಕಾಲು ನಿಂತಿತು ಅವ್ವಾ. ಅಷ್ಟು ಜನ ಕೂತಿದ್ದರು, ಮಾತು ನುಂಗಿದ್ದು ಒಬ್ಬರಿಗೂ ತಿಳಿಯಲಿಲ್ಲ. ಓದುವವನು ಬಾಯಿ ಮುಚ್ಚಿದ್ದೇ ಕಥೆಯ ಕೊನೆಯಾಯಿತು. ಹಾಗಾದರೆ ನಮ್ಮ ಮನೆಯಲ್ಲಿ? ನನ್ನ ಕಾಗದ ಅಣ್ಣ ಓದಿದಷ್ಟೇ ನಿನಗೆ, ನಿನ್ನ ಮಾತು ಅಣ್ಣ ಬರೆದಷ್ಟೇ ನನಗೆ. ಗೋದಾಮು, ಭಜಿ, ಹುಚ್ಚೀರಪ್ಪನ ಕಣ್ಣು, ಎಲ್ಲವನ್ನೂ ಅನುಮಾನಿಸಿದವಳು ಅದೊಂದನ್ನು ಯಾಕೆ ಬಿಟ್ಟೆ? ನೀನು ಎಷ್ಟು ಸಿಟ್ಟಿನಲ್ಲಿ ಬೈದರೂ ಮೊದಲು 'ಊಟ ಆತೇನ?' ಎಂದು ಕೇಳಿಯೇ ಬೈಯುವವಳು. ಆ ಉತ್ತರದಲ್ಲಿ ನಾನು ಉಂಡೆನೋ ಬಿಟ್ಟೆನೋ ಎಂಬ ವಿಚಾರವೇ ಇರಲಿಲ್ಲ. ಆದರೂ ಗಟ್ಟಿ ಹೇಳಲಾರೆ. ನಾಲ್ಕು ಮಂದಿಯ ಬಾಯಿಗೆ ಅಂಜಿ ನೀನೇ ಹೇಳಿರಬಹುದು. ಹಾಗಿದ್ದರೆ ನನಗೆ ಈ ಭೂಮಿಯ ಮೇಲೆ ಬೇರೆ ಮನೆ ಇಲ್ಲ, ಅದನ್ನು ನೆನೆದೇ ನಿನ್ನೆಯಿಂದ ಅಳುತ್ತಿದ್ದೇನೆ. ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ನಿನ್ನ ಮುಂದೆ ನಿಂತಿರುತ್ತೇನೆ. ಆದರೆ ಪಂಚಮಿಗೆ ಕರೆಯದೆ ಯಾವ ಮಗಳು ತವರಿಗೆ ಬರುತ್ತಾಳೆ? ಬಂದಮೇಲೆ ನೀನು ಹೊಸ್ತಿಲಲ್ಲಿ ಮುಖ ತಿರುಗಿಸಿದರೆ ನಾನು ತಡೆಯಲಾರೆ.

ಅಣ್ಣನ ಮೇಲೆ ಹರಿಹಾಯಬೇಡ. ತಂಗಿ ಗಂಡನನ್ನು ಬಿಟ್ಟಳೆಂದು ಅವನೂ ಜನರ ಬಾಯಿಗೆ ಬಿದ್ದಿರುತ್ತಾನೆ. ಅವನನ್ನು ಆಮೇಲೆ ನಾನೇ ವಿಚಾರಿಸಿಕೊಳ್ಳುತ್ತೇನೆ. ಅತ್ತಿಗೆಗೆ, ಮಕ್ಕಳಿಗೆ ನೆನಪು ಹೇಳು ಅನ್ನಬೇಕೆಂದಿದ್ದೆ. ಈ ಕಾಗದದ ಸುದ್ದಿಯೇ ಎತ್ತುವಂತಿಲ್ಲವಲ್ಲ, ಹಾಗಾಗಿ ಮನಸ್ಸಿನಲ್ಲೇ ಹೇಳಿಕೋ. ನಿನ್ನ ಪಾದ ಮುಟ್ಟಿ ನಮಸ್ಕಾರ. ಮೈ ಜೋಪಾನ, ಮಳೆಯಲ್ಲಿ ನಾಟಿಗೆ ಇಳಿಯಬೇಡ.

ನಿನ್ನ ಮಗಳು,
ಕಳಕಮ್ಮ

ತಾ.ಕ.: ಓದುತ್ತಿರುವವರು ಶಬ್ಬೀರಸಾಬರೇ ಅವ್ವಾ. ಬೆಳಿಗ್ಗೆ ಅಂಗಡಿಗೆ ಹೋಗಿ, ಸಾಲು ನುಂಗಿದ ತಪ್ಪಿಗೆ ಇದೇ ದಂಡ ಎಂದು ಹೇಳಿ, ನಿನ್ನ ಮುಂದೆ ಓದಲು ಒಪ್ಪಿಸಿದೆ. ಮೇಲೆ ಅವರನ್ನು ಕಳ್ಳ, ಸುಳ್ಳ ಎಂದು ಬೈದದ್ದು ನಿನ್ನ ಕಿವಿಗೆ ಬಿದ್ದಿದ್ದರೆ, ಇವತ್ತು ಬಿಡದೆ ಓದಿದ್ದಾರೆ ಎಂದು ತಿಳಿ. ಬಿದ್ದಿರದಿದ್ದರೆ ಎಬ್ಬಿಸಿ ಕಳಿಸು. ಉತ್ತರ ಬರೆಸಬೇಡ. ಮಾತನ್ನು ಯಾರು ಬೇಕಾದರೂ ತಿದ್ದುತ್ತಾರೆ, ಅಣ್ಣ ಸಿಟ್ಟಿಗೆ ತಿದ್ದಿರಬಹುದು, ಇವರು ಕನಿಕರಕ್ಕೆ ತಿದ್ದುತ್ತಾರೆ. ಡಬ್ಬಿಯಲ್ಲಿ ಹುರಿದ ಶೇಂಗಾ ಇದ್ದೇ ಇರುತ್ತದೆ. ನಾನು ಬರಬಹುದು ಎಂದಿದ್ದರೆ ಒಂದೇ ಒಂದು ಉಂಡಿ ಕಟ್ಟಿ ಇವರ ಕೈಗೆ ಕೊಡು. ಬೇಡ ಎಂದಿದ್ದರೆ ಬರಿಗೈಯಲ್ಲಿ ಕಳಿಸು, ನಾನು ಇವರನ್ನು ಏನೂ ಕೇಳುವುದಿಲ್ಲ. ಮತ್ತೆ ಶಬ್ಬೀರಸಾಬರೇ, ಇದನ್ನೂ ಗಟ್ಟಿಯಾಗಿ ಓದಿರಿ: ನನ್ನ ಮೇಲಿನ ಮರುಕಕ್ಕೆ ದಾರಿಯಲ್ಲಿ ಎಲ್ಲಿಯಾದರೂ ಉಂಡಿ ಕೊಂಡು ತಂದೀರಿ, ಜೋಕೆ. ನಮ್ಮವ್ವನ ಹೆಬ್ಬೆರಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.